ಎರಡು ಕೋಣೆ

ಚೌಕಿಪೇಟೆಯ ಹಿಂದಿನ ಗಲ್ಲಿಯಲ್ಲಿ ದಾದಾಪೀರ್ ಉಸ್ತಾದರ
ಗಿಲೀಟು ಅಂಗಡಿಗೆ ಎರಡು ಕೋಣೆ, ನಡುವೆ ಇಟ್ಟಿಗೆ ಗೋಡೆ.
ಈ ಕಡೆ ಆಸಿಡ್ಡಿನ ಜಾಡಿ. ಆ ಕಡೆ, ಬೀಗದ ಪೆಟ್ಟಿಗೆಯಲ್ಲಿ,
ಕಲ್ಲುಸಕ್ಕರೆಯ ಬಿಳುಪಿನ ಸಯನೈಡು.
"ಒಂದೇ ಸೂರಿನ ಕೆಳಗೆ ಇರಲಿ ಇವು,
ಒಂದೇ ತಟ್ಟೇಲಿ ಉಣ್ಣಬಾರದು," ಅಂದರು ಮೊದಲ ದಿನ.
ಈ ಕೋಣೆಯ ಚಿಮಟ ಆ ಕೋಣೆಗೆ ಹೋದರೆ
ಕೆನ್ನೆಗೆ ಬೀಳುತ್ತಿತ್ತು. ನನಗೂ ಬಿದ್ದಿದೆ, ಎರಡು ಸಲ.

ಹದಿನೆಂಟು ವರ್ಷ ಆ ನೀರಿನ ಮುಂದೆ ನಿಂತೆ.
ತಾಮ್ರದ ಕಾಲ್ಗಡಗ ಇಳಿಬಿಟ್ಟರೆ ಬೆಳ್ಳಿಯಾಗಿ ಮೇಲೆ ಬರುತ್ತಿತ್ತು;
ಆರತಿ ತಟ್ಟೆ, ಬ್ಯಾಂಡಿನವರ ತುತ್ತೂರಿ,
ಯಾರದೋ ಮಗುವಿನ ಉಡಿದಾರದ ಗೆಜ್ಜೆ.
ಕಲ್ಲಿನೊಳಗೆ ಕಣ್ಣಿಗೆ ಕಾಣದ ಚಿನ್ನವನ್ನೂ
ಗಣಿಯಲ್ಲಿ ಇದೇ ಕರೆದು ಈಚೆ ತರುತ್ತದಂತೆ.
ಬೆಂಕಿಗೆ ಬಣ್ಣಗೆಡದ್ದು, ಇದು ಪಿಸುಗುಟ್ಟಿದರೆ ಕರಗುತ್ತದೆ.
ಒಂದು ಇದ್ದಿಲಿನ ಕಣ, ಒಂದು ಗಾಳಿಯ ಕಣ,
ನಡುವೆ ಮೂರೆಳೆಯ ಹುರಿ: ಅಷ್ಟೇ ಇದರ ಸಂಸಾರ.
ಲೋಹದ ಕೈ ಹಿಡಿಯುವುದು ಗೊತ್ತು. ಬಿಡುವುದು ಗೊತ್ತಿಲ್ಲ.

ವಾಸನೆ? ಕಹಿ ಬಾದಾಮಿ ಎನ್ನುತ್ತಾರೆ. ಉಸ್ತಾದರಿಗೆ ಬರುತ್ತಿತ್ತು.
ನನ್ನ ಮೂಗಿಗೆ ಇವತ್ತಿಗೂ ಏನೂ ಇಲ್ಲ.
ಕೆಲವರು ಹಾಗೇ ಹುಟ್ಟುತ್ತಾರಂತೆ,
ಸಾವು ಬಾಗಿಲು ಬಡಿದರೂ ಕೇಳದವರು.

ಆ ದೀಪಾವಳಿಗೆ ಅಕ್ಕ ಓಬವ್ವನ ಮನೆಯಲ್ಲಿದ್ದೆ,
ಜಗಳೂರಿನ ಅಂಚಿಗೆ.
ಕೊಯ್ದ ಹೊಲದಲ್ಲಿ ಕೂಳೆ ಜೋಳ ಮೊಣಕಾಲೆತ್ತರ ಚಿಗುರಿತ್ತು;
ಹಗ್ಗ ಹರಿದುಕೊಂಡು ನುಗ್ಗಿದ್ದವು ಎರಡೂ.
ಚಿಕ್ಕದು ಮಲಗಿದ್ದು ಏಳಲಿಲ್ಲ.
ದೊಡ್ಡದು, ಕೆಂದಾಕಳು, ಬಾಯಿ ತೆರೆದು ಗಾಳಿಯನ್ನು ಅಗಿಯುತ್ತಿತ್ತು.
ದನದ ಡಾಕ್ಟರು ತಿಪ್ಪೇರುದ್ರಪ್ಪ ಕುತ್ತಿಗೆಗೆ ಸೂಜಿ ಚುಚ್ಚಿ
ರಕ್ತ ತೋರಿಸಿದರು: ಕುಂಕುಮ ಕದಡಿದಷ್ಟು ಕೆಂಪು.
"ಉಸಿರು ತುಂಬಿ ತುಳುಕ್ತೈತಿ ನೋಡ್ರಿ ರಕ್ತದಾಗೆ.
ಇಸ್ಕೊಳ್ಳೋ ಕೈ ಇಲ್ಲ. ಒಳಗಿನ ಕಬ್ಬಿಣಾನ ಅದು ಹಿಡ್ಕೊಂಡು ಕುಂತೈತಿ."
ಬಡಿಸಿದ ಎಲೆಯ ಮುಂದೆ ಕೈ ಕಟ್ಟಿ ಕೂರಿಸಿದ ಹಾಗೆ.

"ಯಾವುದು?" ಅಂದೆ. ಹೆಸರು ಹೇಳಿದರು.
ಸೊಂಟದಲ್ಲಿದ್ದ ಬೀಗದ ಕೈ ತಣ್ಣಗಾಯಿತು.
ಎಳೆ ಜೋಳದ ಎಲೆಯೊಳಗೂ ಎರಡು ಕೋಣೆಯಂತೆ, ನಡುವೆ ಗೋಡೆ.
ಒಂದರಲ್ಲಿ ಸಕ್ಕರೆ ಸುತ್ತಿಟ್ಟ ವಿಷ,
ಇನ್ನೊಂದರಲ್ಲಿ ಆ ಗಂಟು ಬಿಚ್ಚುವ ಬೆರಳು.
ನಿಂತ ಗಿಡಕ್ಕೆ ಏನೂ ಆಗದು. ಹಲ್ಲು ಬಿದ್ದರೆ ಗೋಡೆ ಬೀಳುತ್ತದೆ.
ಉಸ್ತಾದರಿಗಿಂತ ಎಷ್ಟೋ ಮೊದಲು ಯಾರೋ ಅಂಗಡಿ ಹಾಕಿದ್ದರು,
ಕೆನ್ನೆಗೆ ಹೊಡೆದು ಹೇಳುವವರನ್ನು ಮಾತ್ರ ಇಟ್ಟಿರಲಿಲ್ಲ.

ಆಸ್ಪತ್ರೆಯ ಬೀರುವಿನಲ್ಲಿ ಔಷಧ ಮುಗಿದಿತ್ತು.
"ಹೈಪೋ ಸಿಗುತ್ತಾ? ಫೋಟೋ ತೊಳೀತಿದ್ರಲ್ಲ, ಆ ಹೈಪೋ."
ವಿಠ್ಠಲರಾವ್ ಪಿಸೆಯವರ ಸ್ಟುಡಿಯೋಗೆ ಬೈಕು ಓಡಿಸಿದೆ.
ಕತ್ತಲೆ ಕೋಣೆಯ ತುಂಬ ಪ್ಲಾಸ್ಟಿಕ್ ಹೂವು, ಮುರಿದ ಕುರ್ಚಿ.
ಡಬ್ಬಿಗೆ ತುಕ್ಕು, ಒಳಗೆ ಹರಳು ಹಾಗೇ ಇತ್ತು.
"ಹತ್ತು ವರ್ಷ ಆಯ್ತಪ್ಪ, ಯಾರ ಮುಖಾನೂ ಉಳಿಸಿಲ್ಲ ಇದು,"
ಅಂದರು ಮುದುಕ, ದುಡ್ಡು ಮುಟ್ಟಲಿಲ್ಲ.

ನರಕ್ಕೆ ಏರಿತು. ಹೈಪೋ ತನ್ನ ಗಂಧಕ ಕೊಟ್ಟು
ಆ ಹಿಡಿತ ಸಡಿಲಿಸುತ್ತದಂತೆ.
ಮುಕ್ಕಾಲು ಗಂಟೆಗೆ ಕೆಂದಾಕಳು ಎದ್ದು, ಕಾಲಗಲಿಸಿ,
ಧಾರಾಳವಾಗಿ ಉಚ್ಚೆ ಹೊಯ್ದಿತು.
ಅಕ್ಕ ಸೆರಗು ಬಾಯಿಗಿಟ್ಟು ನಕ್ಕಳು.
ಆಮೇಲೆ ಚಿಕ್ಕದರ ಕಡೆ ತಿರುಗಿ ಕೂತಳು, ಬಹಳ ಹೊತ್ತು.

ಸೋಮವಾರ ಅಂಗಡಿ ತೆರೆದು ನಡುಗೋಡೆಗೆ ಅಂಗೈ ಇಟ್ಟೆ.
ಸುಣ್ಣ ಉದುರಿದ ಕಡೆ ಒಂದು ಇಟ್ಟಿಗೆ ಅಲ್ಲಾಡಿತು.
ಗಿರಾಕಿ ಕಾಲ್ಗಡಗ ಹಿಡಿದು ನಿಂತಿದ್ದ.
"ನಾಳೆ ಬಾ," ಅಂದೆ,
ಗಾರೆ ಕಲಸಲು ಕೂತೆ.